ಸವೆದ ತಿಂಗಳು

"ಜಪಾನಿಯಲ್ಲಿ ಒಂದು ತಪ್ಪೂ ಇಲ್ಲ ಕಣಮ್ಮ," ಎಂದರು ಫೋನಿನಲ್ಲಿ ಅಜ್ಜಿ. "ವ್ಯಾಕರಣ ಚೆನ್ನಾಗಿದೆ, ವಾಕ್ಯ ಚೆನ್ನಾಗಿದೆ. ಅರ್ಥ ಒಂದಿಲ್ಲ, ಅಷ್ಟೆ."

ಅವಳು ಚಹಾದ ಲೋಟವನ್ನು ಮೇಜಿನ ಮೇಲಿಟ್ಟಳು. ಕಚೇರಿಯಲ್ಲಿ ಎಲ್ಲರೂ ಅಜ್ಜಿ ಎಂದೇ ಕರೆಯುತ್ತಿದ್ದ ಅವರು ಹುಟ್ಟಿದ್ದು ಜಪಾನಿನಲ್ಲಿ; ಮದುವೆಯಾಗಿ ಈ ಊರಿಗೆ ಬಂದು ನಲವತ್ತು ವರ್ಷ. ಅವಳು ಕೆಲಸ ಮಾಡುವ ಅನುವಾದ ಕಚೇರಿಯಿಂದ ಹೊರಗೆ ಹೋಗುವ ಜಪಾನಿ ಹಾಳೆಗಳನ್ನೆಲ್ಲ ಕೊನೆಗೊಮ್ಮೆ ಓದಿ ಕೊಡುವವರು ಅವರೇ.

"ಏನಂತ ಇದೆ, ಹೇಳಿ."

"'ಪ್ರಿಯನೇ, ತಿಂಗಳು ಸವೆದುಹೋಗಿದೆ.'"

"ಆಂ?"

"ಒಂದು ಸಲ ಅಲ್ಲ, ಹನ್ನೊಂದು ಸಲ. ಆರನೇ ಪುಟದಲ್ಲಿ ನೋಡು, 'ಪ್ರಿಯನೇ, ತಿಂಗಳು ಹಿಡಿಯುತ್ತಿಲ್ಲ, ಇಳಿಯುವಾಗ ಜಾರುತ್ತದೆ.' ನಮ್ಮ ಬರವಣಿಗೆಯಲ್ಲಿ ತಿಂಗಳಿಗೂ ಚಂದ್ರನಿಗೂ ಒಂದೇ ಅಕ್ಷರ. ನಾನು ಮೊದಲು ಚಂದ್ರ ಅಂತಲೇ ಓದಿಕೊಂಡು ಹೋದೆ. ಸೊಗಸಾಗಿತ್ತು. ಆಮೇಲೆ ಇದು ಲಿಫ್ಟ್ ಮೆಕ್ಯಾನಿಕ್ ಬರೆದಿದ್ದು ಅಂತ ನೆನಪಾಗಿ ಹೊಟ್ಟೆ ಹಿಡ್ಕೊಂಡು ನಕ್ಕೆ."

ಅವಳಿಗೆ ನಗು ಬರಲಿಲ್ಲ. ಅದು ಬುಧವಾರ. ಶುಕ್ರವಾರ ಬೆಳಿಗ್ಗೆ ಹಾಳೆಗಳು ಹೋಗಬೇಕಿತ್ತು.

ವಿಯೆಟ್ನಾಮಿನ ಒಂದು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಸರಕು ಸಾಗಿಸುವ ಲಿಫ್ಟ್ ಒಂದೂವರೆ ಮಹಡಿ ಜಾರಿ ಬಿದ್ದು, ಒಳಗಿದ್ದ ಪ್ಯಾಕಿಂಗ್ ಕೆಲಸದ ಹೆಂಗಸಿನ ಎರಡೂ ಕಾಲು ಮುರಿದಿದ್ದವು. ಲಿಫ್ಟ್ ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್ ದೋಷವನ್ನು ತಿಳಿಸಲೇ ಇಲ್ಲವೆಂದು ಕಾರ್ಖಾನೆ ಹೇಳುತ್ತಿತ್ತು. ತಿಳಿಸಿದ್ದೇನೆ, ಎಂಟು ತಿಂಗಳಿಂದ ಮೇಲ್ವಿಚಾರಕನ ಫೋನಿಗೆ ಬರೆಯುತ್ತಲೇ ಬಂದಿದ್ದೇನೆ ಎಂದು ಅವನು ಹೇಳುತ್ತಿದ್ದ. ಅವನ ಇನ್ನೂರ ಹನ್ನೆರಡು ಸಂದೇಶಗಳನ್ನು ಮುದ್ರಿಸಿ ಕಳಿಸಿದ್ದರು. ಲಿಫ್ಟ್ ತಯಾರಿಸಿದ ಜಪಾನಿ ಕಂಪನಿಯ ಎಂಜಿನಿಯರುಗಳು ಅದನ್ನು ಓದಿ ತಪ್ಪು ಯಾರದೆಂದು ತೀರ್ಮಾನಿಸುವವರಿದ್ದರು. ಅವರು ಓದುವುದು ಜಪಾನಿಯನ್ನು ಮಾತ್ರ. ಆ ಮನುಷ್ಯ ಜೈಲಿಗೆ ಹೋಗುತ್ತಾನೋ ಮನೆಗೆ ಹೋಗುತ್ತಾನೋ ಎಂಬುದು ಈ ಅನುವಾದದ ಮೇಲೆ ನಿಂತಿತ್ತು. ಅದರಲ್ಲಿ ಅವನು ತನ್ನ ಪ್ರಿಯನಿಗೆ ಚಂದ್ರನ ಸುದ್ದಿ ಹೇಳುತ್ತಿದ್ದ.

ಅವಳಿಗೆ ವಿಯೆಟ್ನಾಮಿ ಬರುತ್ತಿರಲಿಲ್ಲ, ಜಪಾನಿಯೂ ಬರುತ್ತಿರಲಿಲ್ಲ. ಬರುವವರನ್ನು ಹುಡುಕುವುದೇ ಅವಳ ಕೆಲಸ. ಹದಿನಾರು ವರ್ಷದಿಂದ ಅದನ್ನೇ ಮಾಡಿಕೊಂಡು ಬಂದವಳಿಗೆ ಈ ಸಲ ಒಂಬತ್ತು ದಿನ ಹುಡುಕಿ ಸಾಕುಸಾಕಾಗಿತ್ತು. ವಿಯೆಟ್ನಾಮಿ ಬಲ್ಲವರಿಗೆ ಜಪಾನಿ ಬಾರದು. ಎರಡೂ ಬಲ್ಲವರಿಗೆ ಲಿಫ್ಟ್ ಗೊತ್ತಿಲ್ಲ. ಒಬ್ಬ ನಿವೃತ್ತ ಎಂಜಿನಿಯರ್, "ಲಿಫ್ಟ್ ನನಗೆ ಅಂಗೈ ಗೆರೆ ಇದ್ದ ಹಾಗೆ ಮೇಡಂ, ಜಪಾನಿಯೂ ನೀರು ಕುಡಿದ ಹಾಗೆ," ಎಂದಿದ್ದ. ವಿಯೆಟ್ನಾಮಿ? "ಅದನ್ನ ಕಂಪ್ಯೂಟರಿಗೆ ಹಾಕಿ ಇಂಗ್ಲಿಷ್ ಮಾಡ್ಕೋತೀನಿ ಬಿಡಿ." ಇನ್ನೊಬ್ಬಳು ಆ ಕಡೆಯಿಂದ ಈ ಕಡೆಗೆ ಮಾಡುತ್ತಾಳಂತೆ, ಈ ಕಡೆಯಿಂದ ಆ ಕಡೆಗೆ ಮಾಡುವುದಿಲ್ಲವಂತೆ. ವೈದ್ಯಕೀಯ, ಕಾನೂನು, ಕೃಷಿ, ಏನಿದ್ದರೂ ಸೈ ಎಂದು ಗಂಟಲು ಸರಿಮಾಡಿಕೊಂಡ ಮತ್ತೊಬ್ಬ, ಕೊನೆಗೆ "ಲಿಫ್ಟ್ ಅಂದ್ರೆ ಈ ತೂಕ ಎತ್ತೋ ಸ್ಪರ್ಧೆ ತಾನೇ?" ಎಂದು ಕೇಳಿ ಅವಳ ಕೈಯಿಂದಲೇ ಫೋನ್ ಇಡಿಸಿದ್ದ.

ಕೊನೆಗೆ ಸಿಕ್ಕವರು ಪ್ರೊಫೆಸರ್. ಎರಡೂ ದೇಶಗಳಲ್ಲಿ ಓದಿದವರು, ಹೆಸರಿನ ಮುಂದೆಯೂ ಹಿಂದೆಯೂ ಪದವಿ ಇದ್ದವರು. ವಿಯೆಟ್ನಾಮಿನ ಹಳೆಯ ಪ್ರೇಮಕಾವ್ಯವನ್ನು ಜಪಾನಿಗೆ ತಂದವರು. ಕಾವ್ಯಕ್ಕೂ ಲಿಫ್ಟಿಗೂ ಏನು ಸಂಬಂಧ ಎಂದು ಅವಳಿಗೂ ಅನ್ನಿಸಿತ್ತು. ಆದರೆ ಪರದೆಯ ಮೇಲೆ ಅವರ ಅರ್ಜಿಯ ಕಾಲಂಗಳೆಲ್ಲ ಭರ್ತಿಯಾಗಿ ಹಸಿರಾಗಿದ್ದವು.

ಈಗ ಅವರಿಗೇ ಫೋನ್ ಮಾಡಿದಳು.

"ಮೂಲದಲ್ಲಿ ಹಾಗೇ ಇದೆಯಲ್ಲಮ್ಮ," ಎಂದರು ಪ್ರೊಫೆಸರ್. ಪಾಠ ಹೇಳುವ ಧ್ವನಿ. "ಥಾಂಗ್ ಅಂದರೆ ತಿಂಗಳು. ಆನ್ ಅಂದರೆ ಪ್ರಿಯ. ನಾನು ಒಂದು ಪದ ಸೇರಿಸಿಲ್ಲ, ಒಂದು ಪದ ಬಿಟ್ಟಿಲ್ಲ."

"ಸರ್, ಅವನು ಮೆಕ್ಯಾನಿಕ್ಕು. ಮೇಲ್ವಿಚಾರಕನನ್ನ ಯಾಕೆ ಪ್ರಿಯನೇ ಅಂತಾನೆ?"

"ಅದು ಅವರಿಬ್ಬರಿಗೆ ಬಿಟ್ಟ ವಿಷಯ. ಅನುವಾದಕ ಇಣುಕಬಾರದು."

ಅವಳು ಫೋನ್ ಇಟ್ಟಳು. ಹಾಳೆಗಳನ್ನು ಹಿಡಿದು ಮಾಲೀಕರ ಕೋಣೆಗೆ ಹೋದಳು. ಅವರು ಕುರ್ಚಿಯನ್ನು ಅರ್ಧ ತಿರುಗಿಸಿ, ಕನ್ನಡಕ ಒರೆಸುತ್ತ ಕೇಳಿದರು.

"ಪ್ರೊಫೆಸರ್ ಮಾಡಿದ್ದು ತಾನೇ? ಕಳಿಸಿಬಿಡಿ ಮೇಡಂ. ನಾಳೆ ಏನಾದರೂ ಬಂದ್ರೆ ಅವರ ತಲೆ ಮೇಲೆ."

"ಪ್ರಮಾಣಪತ್ರದಲ್ಲಿ ಸಹಿ ನಂದು ಸರ್. 'ವಿಷಯ ಬಲ್ಲವರಿಂದ ಅನುವಾದವಾಗಿದೆ' ಅಂತ."

"ಹದಿನಾರು ವರ್ಷದಿಂದ ಹಾಕ್ತಿದೀರಲ್ಲ. ಎಲ್ಲಾದನ್ನೂ ಬಲ್ಲವರೇ ಮಾಡಿದ್ರಾ?"

ಅವರು ಚುಚ್ಚಲೆಂದು ಹೇಳಿದ ಮಾತಲ್ಲ ಅದು. ಅದಕ್ಕೇ ಹೆಚ್ಚು ನಾಟಿತು. ಮಧ್ಯಾಹ್ನವಿಡೀ ಅವಳು ಫೋನನ್ನು ಕಿವಿಯಿಂದ ಇಳಿಸಲಿಲ್ಲ. ಇನ್ನೂ ಏಳು ಜನರನ್ನು ಕೇಳಿದಳು. ಏಳು ಜನವೂ ಬೇರೆ ಬೇರೆ ರೀತಿಯಲ್ಲಿ ಇಲ್ಲವೆಂದರು. ನಡುವೆ ಅತ್ತೆಯ ಸಂದೇಶವೊಂದು ಬಂತು. ಹೋದ ವರ್ಷ ಫೋನಿನಲ್ಲಿ ಬರೆಯುವುದನ್ನು ಕಲಿತ ಮೇಲೆ ಅತ್ತೆ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕುಟ್ಟಿ ಕಳಿಸುತ್ತಿದ್ದರು. 'ಬೇಗ, ಹಾಲು ಆಗಿದೆ, ಬಾ.' ಮನೆಯಲ್ಲಿ ಹಾಲು ಮುಗಿದಿದೆ. ಅವಳು ಹೆಬ್ಬೆರಳಿನ ಚಿತ್ರವೊಂದನ್ನು ಒತ್ತಿ ಮತ್ತೆ ಫೋನ್ ಕಿವಿಗಿಟ್ಟಳು.

ಸಂಜೆ ಐದೂವರೆಗೆ ಎರಡು ಪ್ಯಾಕೆಟ್ ಹಾಲು ಹಿಡಿದು ಮೆಟ್ಟಿಲು ಹತ್ತುತ್ತಿದ್ದಾಗ ಎರಡನೇ ಮಹಡಿಯ ತಿರುವಿನಲ್ಲಿ ಅತ್ತೆ ಸ್ಟೂಲಿನ ಮೇಲೆ ಕೂತಿದ್ದರು. ಪಕ್ಕದಲ್ಲಿ ಒಣಗಿದ ಬಟ್ಟೆಗಳ ಬುಟ್ಟಿ. ಮುಚ್ಚಿದ ಬಾಗಿಲಿಗೆ ಬೆನ್ನು ಆನಿಸಿದ್ದರು.

"ಯಾಕತ್ತೆ ಹೊರಗೆ ಕೂತಿದೀರಾ?"

"ನಿನ್ನ ಮನೆ ಕಾವಲಿಗೆ," ಎಂದರು ಅತ್ತೆ. ಅವರ ಕಣ್ಣು ಹಾಲಿನ ಮೇಲೆ ಬಿತ್ತು. "ಇದೇನಿದು?"

"ಹಾಲು. ನೀವೇ ಬರೆದಿದ್ರಲ್ಲ, ಬೇಗ ಬಾ, ಹಾಲು ಆಗಿದೆ ಅಂತ."

ಅತ್ತೆ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಬೀಗ ಹಾಳಾಗಿದೆ ಬಾ ಅಂತ ಬರೆದಿದ್ದು ಕಣೇ. ಬೀಗ! ಹಾಳು! ಎರಡು ಗಂಟೆಗೆ ಬಟ್ಟೆ ತರೋಕೆ ಮೇಲೆ ಹೋದೆ, ಬಂದು ನೋಡಿದ್ರೆ ಕೀಲಿ ತಿರುಗಲೇ ಇಲ್ಲ. ಒಂದು ತಿಂಗಳಿಂದ ಬೀಗ ಬೀಗ ಅಂತ ಬಡ್ಕೋತಾ ಇದೀನಿ. ಹಾಲು ತಂದಿದಾಳೆ ಹಾಲು. ಒಳಗೆ ಮೂರು ಪ್ಯಾಕೆಟ್ ಇದೆ."

"ಫೋನ್ ಮಾಡಬಾರದಿತ್ತಾ?"

"ನಾಲ್ಕು ಸಲ ಮಾಡಿದೆ. ನಿನ್ನದು ಯಾವಾಗಲೂ ಬಿಜಿ. ಪಕ್ಕದ ಮನೆಯವಳು ಸ್ಟೂಲು ಕೊಟ್ಟಳು, ಎರಡು ಸಲ ಕಾಫಿ ಕೊಟ್ಟಳು. ಮೂರನೇ ಸಲಕ್ಕೆ ನಂಗೇ ನಾಚಿಕೆ ಆಯ್ತು. ಬಾತ್‌ರೂಮಿಗೂ ಅವಳ ಮನೆಗೇ ಹೋಗಿ ಬಂದೆ, ತಿಳ್ಕೋ."

ಬೀಗದವನು ಬಂದು, ಬಾಗಿಲ ಮುಂದೆ ಮಂಡಿಯೂರಿ ಕೆಲಸ ಶುರುಮಾಡಿದ. ಅವಳು ಮೆಟ್ಟಿಲ ಮೇಲೆ ಕೂತು ಆ ಸಂದೇಶವನ್ನು ಮತ್ತೊಮ್ಮೆ ತೆಗೆದು ನೋಡಿದಳು. ಅದೇ ಅಕ್ಷರಗಳು. ಬೇಗ ಎಂದು ಓದಿದರೆ ಬೇಗ, ಬೀಗ ಎಂದು ಓದಿದರೆ ಬೀಗ. ಹಾಲಿಗೂ ಹಾಳಿಗೂ ಅವೇ ನಾಲ್ಕು ಇಂಗ್ಲಿಷ್ ಅಕ್ಷರ. ಅತ್ತೆ ಬರೆದದ್ದರಲ್ಲಿ ಏನೂ ತಪ್ಪಿರಲಿಲ್ಲ. ಹಾಲಿನ ಯೋಚನೆಯಲ್ಲಿದ್ದವರು ಹಾಲು ಓದಿಕೊಂಡರು, ಅಷ್ಟೆ.

ಮೂಲದಲ್ಲಿ ಹಾಗೇ ಇದೆಯಲ್ಲಮ್ಮ, ಎಂದಿದ್ದರು ಪ್ರೊಫೆಸರ್.

ಅವಳು ಚೀಲದಿಂದ ಆ ಮುದ್ರಿತ ಹಾಳೆಗಳನ್ನು ಎಳೆದಳು. ವಿಯೆಟ್ನಾಮಿಯನ್ನೂ ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯುತ್ತಾರೆ. ಹದಿನಾರು ವರ್ಷ ಅಂಥ ಹಾಳೆಗಳನ್ನು ಓದದೆಯೇ ನೋಡಿದ್ದ ಅವಳಿಗೆ ಅವುಗಳ ಚಹರೆ ಗೊತ್ತಿತ್ತು: ಪ್ರತಿ ಅಕ್ಷರದ ತಲೆಯ ಮೇಲೆ ಟೋಪಿ, ಕೊಕ್ಕೆ, ಗೀಟು, ಬುಡದಲ್ಲಿ ಚುಕ್ಕೆ. ಸಾಲಿನ ತುಂಬ ಸೊಳ್ಳೆ ಕೂತ ಹಾಗೆ ಕಾಣುತ್ತಿತ್ತು. ಈ ಹಾಳೆಗಳಲ್ಲಿ ಒಂದು ಸೊಳ್ಳೆಯೂ ಇರಲಿಲ್ಲ. ಅಕ್ಷರಗಳೆಲ್ಲ ಬೋಳು. ಎಣ್ಣೆ ಮೆತ್ತಿದ ಬೆರಳಿನಲ್ಲಿ, ನಿಂತ ಕಾಲಿನಲ್ಲಿ, ಅತ್ತೆಯ ಹಾಗೆ ಕುಟ್ಟಿ ಕಳಿಸಿದ್ದು.

"ಏನೇ ಅದು, ಮುಖ ಹಾಗೆ ಮಾಡ್ಕೊಂಡೆ?" ಎಂದರು ಅತ್ತೆ.

"ಏನಿಲ್ಲತ್ತೆ. ಇವನ ಬೀಗಾನೂ ಯಾರೋ ಹಾಲು ಅಂತ ಓದಿದಾರೆ."

ಆಗ ಅವಳಿಗೆ ವಿಯೆಟ್ನಾಮಿನ ಹೆಂಗಸೊಬ್ಬಳ ಅರ್ಜಿ ನೆನಪಾಯಿತು. ಎರಡು ವರ್ಷಗಳ ಹಿಂದೆ ಬಂದದ್ದು, ಮತ್ತೆ ಮತ್ತೆ ಬಂದದ್ದು. ಅನುಭವ ಎಂಬಲ್ಲಿ ಆ ಹೆಂಗಸು 'ಜಪಾನಿನಲ್ಲಿ ಐದು ವರ್ಷ ಲಿಫ್ಟಿನ ಬ್ರೇಕ್ ಜೋಡಣೆ' ಎಂದು ಬರೆದಿದ್ದಳು. ಇದೆಂಥ ಅನುಭವ ಎಂದು ಕಚೇರಿಯಲ್ಲಿ ಎಲ್ಲರೂ ನಕ್ಕಿದ್ದರು. ಪದವಿ ಎಂಬ ಕಾಲಂ ಖಾಲಿಯಿತ್ತು. ಅದು ಖಾಲಿಯಿದ್ದರೆ ಪರದೆ ಕೆಂಪಾಗುತ್ತದೆ. ಕೆಂಪಾದರೆ ಅರ್ಜಿ ತಿರಸ್ಕರಿಸುವ ಗುಂಡಿ ಒತ್ತಬೇಕು. ಒತ್ತಿದ್ದಳು.

ಫೋನಿನಲ್ಲಿ ಹುಡುಕಿದರೆ ನಂಬರು ಸಿಕ್ಕಿತು. ಎರಡನೇ ಸಲ ಗಂಟೆ ಬಾರಿಸುವಷ್ಟರಲ್ಲೇ ಎತ್ತಿದರು. ಹಿಂದೆ ಯಾವುದೋ ಯಂತ್ರದ ಕಟಕಟ ಸದ್ದು.

"ಮೂರು ಸಲ ಅರ್ಜಿ ಹಾಕಿದ್ದೆ," ಎಂದಿತು ಆ ಧ್ವನಿ, ಅವಳು ಕಚೇರಿಯ ಹೆಸರು ಹೇಳಿ ಮುಗಿಸುವ ಮೊದಲೇ. ಮದುವೆಯಾಗಿ ಈ ದೇಶಕ್ಕೆ ಬಂದವಳು. ಇಲ್ಲಿಯ ಮಾತು ಚೆನ್ನಾಗಿ ಬರುತ್ತಿತ್ತು, ಕೊನೆ ಮಾತ್ರ ಕತ್ತರಿಸಿದ ಹಾಗೆ. "ಮೂರು ಸಲ 'ಕ್ಷಮಿಸಿ' ಅಂತ ಬಂತು. ಕೆಳಗೆ ನಿಮ್ಮದೇ ಹೆಸರು ಇತ್ತು. ಈಗ ಹೊಲಿಗೆ ಮಿಷನ್ ರಿಪೇರಿ ಮಾಡ್ತೀನಿ. ಹೊಲಿಗೆ ಮಿಷನ್ ಪದವಿ ಕೇಳಲ್ಲ."

ಕ್ಷಮಿಸಿ ಎನ್ನುವ ಪದವನ್ನಂತೂ ಮೂರು ಸಲ ಖರ್ಚು ಮಾಡಿಯಾಗಿತ್ತು.

"ಒಂದು ಸಾಲು ಓದ್ತೀನಿ," ಎಂದಳು. "ಏನು ಅಂತ ಅಷ್ಟು ಹೇಳಿ. ಆಮೇಲೆ ಬೈರಿ." ಹಾಳೆಯನ್ನು ಬೆಳಕಿಗೆ ಹಿಡಿದು, ಕಂಡಂತೆ ಓದಿದಳು. "ಆನ್ ಒಯ್ ಥಾಂಗ್ ಮೊನ್ ರೊಯ್."

ಆ ಕಡೆ ಯಂತ್ರ ನಿಂತಿತು. ನಗು ಕೇಳಿತು.

"ಎಷ್ಟು ಕೆಟ್ಟದಾಗಿ ಓದ್ತೀರಿ! ಯಾರು ಬರೆದಿದ್ದು?"

"ಲಿಫ್ಟ್ ಮೆಕ್ಯಾನಿಕ್. ಪ್ರಿಯನೇ, ತಿಂಗಳು ಸವೆದಿದೆ ಅಂತ ನಮ್ಮವರು ಮಾಡಿದಾರೆ."

"ಪ್ರಿಯನಾ?" ಮತ್ತೆ ನಗು. "ಪದ್ಯದಲ್ಲಿ ಪ್ರಿಯ. ಕಾರ್ಖಾನೆಯಲ್ಲಿ ಅಣ್ಣ. ಥಾಂಗ್ ಅನ್ನೋದನ್ನ ಒಂದು ರಾಗದಲ್ಲಿ ಹೇಳಿದರೆ ತಿಂಗಳು, ಇನ್ನೊಂದರಲ್ಲಿ ಏಣಿ, ಇನ್ನೊಂದರಲ್ಲಿ ನೇರ. ಇನ್ನೊಂದು ಇದೆ, ದಕ್ಷಿಣದವರು ಮಾತ್ರ ಹೇಳೋದು. ಉತ್ತರದವರು, ಓದಿದವರು, ಅದಕ್ಕೆ ಬೇರೆ ಪದ ಹೇಳ್ತಾರೆ. ಇವನು ನಮ್ಮ ಕಡೆಯವನು." ನಗು ನಿಂತಿತ್ತು. "ಬ್ರೇಕ್. 'ಅಣ್ಣಾ, ಬ್ರೇಕ್ ಸವೆದಿದೆ.' ಎಷ್ಟು ಸಲ ಬರೆದಿದಾನೆ?"

"ಹನ್ನೊಂದು ಸಲ."

"ನಾಳೆ ಬರ್ತೀನಿ," ಎಂದಳು ಬ್ರೇಕಿನವಳು. "ಅರ್ಜಿ ತುಂಬಲ್ಲ."

ಗುರುವಾರ ಬೆಳಿಗ್ಗೆ ಬಂದವಳು ಗಿಡ್ಡನೆಯ, ಗಟ್ಟಿ ಮಣಿಕಟ್ಟಿನ ಹೆಂಗಸು. ಕೊಟ್ಟ ಕುರ್ಚಿ ಅಲ್ಲಾಡುತ್ತಿದ್ದುದನ್ನು ಕಂಡು, ಕೂರುವ ಮೊದಲು ಅದನ್ನು ಬೋರಲು ಮಾಡಿ ಚೀಲದಲ್ಲಿದ್ದ ಸ್ಕ್ರೂಡ್ರೈವರ್‌ನಿಂದ ಬಿಗಿ ಮಾಡಿದಳು. ಆಮೇಲೆ ತಲೆ ಎತ್ತಲಿಲ್ಲ. ಪ್ರತಿ ಸಂದೇಶವನ್ನೂ ಮೊದಲು ಬಾಯಲ್ಲಿ ಗುನುಗುತ್ತಿದ್ದಳು, ರಾಗ ಬದಲಿಸಿ ಮತ್ತೊಮ್ಮೆ ಗುನುಗುತ್ತಿದ್ದಳು, ಹಿಂದಿನ ದಿನದ ಸಂದೇಶ ನೋಡುತ್ತಿದ್ದಳು, ಆಮೇಲೆ ಬರೆಯುತ್ತಿದ್ದಳು. ಒಂದೆರಡು ಕಡೆ ಎದ್ದು ನಿಂತು, ಎರಡೂ ಅಂಗೈಗಳಿಂದ ಗಾಳಿಯಲ್ಲಿ ಒಂದು ಚಕ್ರವನ್ನು ಹಿಡಿದು ನಿಲ್ಲಿಸುವಂತೆ ಮಾಡಿ ನೋಡಿ, ಸರಿಯಾದ ಜಪಾನಿ ಪದ ಬಂದ ಮೇಲೆ ಕೂತಳು.

ಅವಳು ಬ್ರೇಕಿನವಳ ಪಕ್ಕದಲ್ಲೇ ಕೂತು ನೋಡುತ್ತಿದ್ದಳು. ತನ್ನ ಪಟ್ಟಿಯಲ್ಲಿರುವ ಇಷ್ಟೊಂದು ಜನರಲ್ಲಿ ಒಬ್ಬರಾದರೂ ಕೆಲಸ ಮಾಡುವುದನ್ನು ಇಲ್ಲಿಯವರೆಗೆ ಕಣ್ಣಾರೆ ಕಂಡಿರಲಿಲ್ಲ ಎನ್ನುವುದು ಆಗ ಹೊಳೆಯಿತು.

"ಈ ಬಲಗಡೆ ಸಾಲು ಏನು?" ಎಂದು ಕೇಳಿದಳು. ಪ್ರತಿ ಸಂದೇಶದ ಎದುರಿಗೂ ಎರಡೇ ಅಕ್ಷರಗಳಿದ್ದವು.

"ಮೇಲ್ವಿಚಾರಕನ ಉತ್ತರ. 'ಸರಿ' ಅಂತ." ಬ್ರೇಕಿನವಳು ಬೆರಳನ್ನು ಮೇಲಿನಿಂದ ಕೆಳಗೆ ಎಳೆದಳು. "ಸರಿ. ಸರಿ. ಸರಿ. ಇದು ಲಿಫ್ಟ್ ಬಿದ್ದ ದಿನದ್ದು, ಬೆಳಿಗ್ಗೆ ಆರು ಹತ್ತಕ್ಕೆ. 'ಅಣ್ಣಾ, ಇವತ್ತು ಲಿಫ್ಟ್ ಬಿಡಬೇಡಿ, ನಾನು ಬರ್ತಾ ಇದೀನಿ.' ಇದಕ್ಕೂ ಸರಿ."

ಸಂಜೆ ನಾಲ್ಕಕ್ಕೆ ಅಜ್ಜಿಯ ಫೋನ್ ಬಂತು. ಈ ಸಲ ನಗು ಇರಲಿಲ್ಲ. "ಈಗ ಅರ್ಥ ಇದೆ. ಜಪಾನಿ ಮಾತ್ರ ಒರಟು ಕಣಮ್ಮ. ಕಾರ್ಖಾನೆಯವರು ಒಬ್ಬರಿಗೊಬ್ಬರು ಆಡುವ ಭಾಷೆ. ಸ್ವಲ್ಪ ನಯ ಮಾಡಲಾ?"

"ಕಾಗುಣಿತ ಇದ್ದರೆ ತಿದ್ದಿ ಅಜ್ಜಿ. ನಯ ಬೇಡ."

ಉಳಿದದ್ದು ಮಾಲೀಕರು. ಅವರು ಮೊದಲ ಪುಟ ನೋಡಿ, ಅನುವಾದಕರ ಹೆಸರು ನೋಡಿ, ಕನ್ನಡಕ ತೆಗೆದರು.

"ಕೆಲಸ ಚೆನ್ನಾಗಿದೆ ಅಂತೀರಿ, ಒಪ್ಪಿದೆ. ಆದ್ರೆ ಹೊಲಿಗೆ ಮಿಷನ್ ರಿಪೇರಿಯವಳ ಹೆಸರು ಹಾಕಿ ಕಳಿಸೋಕಾಗುತ್ತಾ ಮೇಡಂ? ಕಾರ್ಖಾನೆ ವಕೀಲ ಮೊದಲು ಅದನ್ನೇ ಹಿಡ್ಕೋತಾನೆ. ಹೆಸರು ಪ್ರೊಫೆಸರದ್ದು ಹಾಕಿ, ಒಳಗೆ ಇದು ಇರಲಿ. ಅವರೂ ಬೇಡ ಅನ್ನಲ್ಲ. ಎಲ್ಲರಿಗೂ ಒಳ್ಳೇದು."

ಎಲ್ಲರಿಗೂ ಒಳ್ಳೆಯದೇ. ಅವಳಿಗೂ ಒಂದು ಕ್ಷಣ ಹಾಗೆಯೇ ಕಂಡಿತು. ಮೆಕ್ಯಾನಿಕ್‌ಗೆ ಬೇಕಾದ ಮಾತು ಹೋಗುತ್ತದೆ, ಮೇಲೆ ದೊಡ್ಡ ಹೆಸರೂ ಇರುತ್ತದೆ. ಗಾಜಿನ ಆಚೆ ಬ್ರೇಕಿನವಳು ಸ್ಕ್ರೂಡ್ರೈವರನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು.

"ಸರ್, ನಾಳೆ ಆ ಎಂಜಿನಿಯರುಗಳು ಫೋನ್ ಮಾಡಿ, ಈ ಬ್ರೇಕಿನ ಪದ ಯಾಕೆ ಹಾಕಿದ್ರಿ ಅಂತ ಕೇಳಿದ್ರೆ ಪ್ರೊಫೆಸರ್ ಏನಂತಾರೆ?"

"ಕೇಳಲ್ಲ ಬಿಡಿ."

"ಕೇಳಿದ್ರೆ?"

ಮಾಲೀಕರು ಕನ್ನಡಕವನ್ನು ಮತ್ತೆ ಒರೆಸತೊಡಗಿದರು. ಅವಳು ತನ್ನ ಮೇಜಿಗೆ ಬಂದು ಪ್ರಮಾಣಪತ್ರವನ್ನು ತೆರೆದಳು. ಪದವಿ ಎನ್ನುವ ಕಾಲಂ ಕೆಂಪಾಗಿತ್ತು. ಏನಾದರೂ ತುಂಬದೆ ಅದು ಮುಂದೆ ಬಿಡುವುದಿಲ್ಲ. ಅದರಲ್ಲಿ 'ಜಪಾನಿನಲ್ಲಿ ಐದು ವರ್ಷ ಲಿಫ್ಟಿನ ಬ್ರೇಕ್ ಜೋಡಣೆ' ಎಂದು ಬರೆದಳು. ಕಾಲಂ ಹಸಿರಾಯಿತು. ಅದಕ್ಕೆ ಬೇಕಾಗಿದ್ದದ್ದು ಅಷ್ಟೇ: ಏನಾದರೂ ಅಕ್ಷರ. ಎರಡು ವರ್ಷದ ಹಿಂದೆ ತಾನೇ ಅದನ್ನು ತುಂಬಿಕೊಟ್ಟಿದ್ದರೂ ಸಾಕಾಗುತ್ತಿತ್ತು. ಕೆಲಸ ಮಾಡಿದವಳ ಹೆಸರನ್ನೇ ಹಾಕಿ, ಕೆಳಗೆ ತನ್ನ ಸಹಿ ಮಾಡಿ, ಕಳಿಸಿದಳು.

ಮಾಲೀಕರು ಬಾಗಿಲಲ್ಲಿ ನಿಂತಿದ್ದರು. "ಕಳಿಸಿಬಿಟ್ರಾ?"

"ಹೂಂ ಸರ್."

"ಮುಂದಿನ ವಾರದಿಂದ ಸಹಿ ನಾನೇ ಹಾಕ್ತೀನಿ."

"ಹಾಕಿ ಸರ್," ಎಂದಳು. ಸಿಟ್ಟಿನಲ್ಲಿ ಹೇಳಲಿಲ್ಲ. ತೋಳಿನಿಂದ ಭಾರದ ಚೀಲವನ್ನು ಇಳಿಸಿದಂತೆಯೇ ಅನ್ನಿಸಿತು. ಎಲ್ಲಿ ಇಳಿಸಿದೆ ಎಂಬುದನ್ನು ಯೋಚಿಸಲು ಶುಕ್ರವಾರದ ನಂತರ ಸಮಯವಿತ್ತು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಜಪಾನಿ ಕಂಪನಿಯ ಕಚೇರಿಯಿಂದ ಇಂಗ್ಲಿಷಿನಲ್ಲಿ ಉತ್ತರ ಬಂದಿತ್ತು: ತಲುಪಿದೆ, ಅನುವಾದಕರ ಅರ್ಹತೆಯ ಕಾಲಂನಲ್ಲಿರುವುದು ಕಣ್ತಪ್ಪಲ್ಲವೇ, ಖಚಿತಪಡಿಸಿ. ಕಣ್ತಪ್ಪಲ್ಲ ಎಂದು ಬರೆದಳು. ಬೆರಳು ಹಾಗೆಯೇ ಅತ್ತೆಯ ಸಂದೇಶಗಳತ್ತ ಹೋಯಿತು. ಮೇಲಕ್ಕೆ ಸರಿಸಿದಳು. ನಿನ್ನೆಯದು, ಅದರ ಕೆಳಗೆ ಅವಳ ಹೆಬ್ಬೆರಳು. ಮೊನ್ನೆ ಶನಿವಾರದ್ದು, 'ಬೇಗ ನೋಡಬೇಕು', ಅದರ ಕೆಳಗೂ ಹೆಬ್ಬೆರಳು. ಈಗ ಓದಿದರೆ ಅದು 'ಬೀಗ ನೋಡಬೇಕು'. ಅದರ ಹಿಂದಿನ ವಾರ ಇನ್ನೊಂದು, ಅದರ ಹಿಂದೆ ಎರಡು. ಐದು ಹೆಬ್ಬೆರಳುಗಳು ಬಲಗಡೆಗೆ ಸಾಲಾಗಿ ನಿಂತಿದ್ದವು.

ಇಳಿಯಬೇಕಾದ ನಿಲ್ದಾಣ ದಾಟಿಹೋಗಿತ್ತು. ಮುಂದಿನದರಲ್ಲಿ ಇಳಿದು ಹಿಂದಕ್ಕೆ ನಡೆದಳು. ಮನೆಯ ರಸ್ತೆಯ ತಿರುವಿಗೆ ಬರುವಷ್ಟರಲ್ಲಿ ಫೋನ್ ಕುಂಯ್‌ಗುಟ್ಟಿತು. ಅತ್ತೆ. ಎರಡೇ ಪದ. ಹಾಲು ಆಗಿದೆ, ಇಲ್ಲವೇ ಹಾಳಾಗಿದೆ.

ರಸ್ತೆಯ ಈ ಬದಿ ಹಾಲಿನ ಬೂತು, ಆ ಬದಿ ಬೀಗ, ನಲ್ಲಿ, ಸ್ವಿಚ್ಚು ಮಾರುವ ಅಂಗಡಿ. ಆ ಅಂಗಡಿಯವನು ಶಟರನ್ನು ಅರ್ಧಕ್ಕೆ ಎಳೆದು, ಅವಳು ನಿಂತದ್ದನ್ನು ಕಂಡು, ಕೈಯನ್ನು ಹಾಗೆಯೇ ಹಿಡಿದು ನೋಡಿದ. ಒಂದು ನಿಮಿಷ ಎಂದು ಅವನಿಗೆ ಸನ್ನೆ ಮಾಡಿ, ಅವಳು ಅತ್ತೆಯ ನಂಬರು ಒತ್ತಿ ಫೋನ್ ಕಿವಿಗಿಟ್ಟುಕೊಂಡಳು. ಆ ಕಡೆ ಗಂಟೆ ಹೋಗುತ್ತಲೇ ಇತ್ತು.